ಹೊಡೆತ, ಕಾರಣ ಮತ್ತು ಹೊಣೆ: ಆಟಿಸಂ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ ಇಪ್ಪತ್ತೊಂದು ವರ್ಷ. ಅವನಿಗೆ ಆಟಿಸಂ ಇದೆಯೆಂದು ಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಆರನೆಯ ವಯಸ್ಸಿನಿಂದ ಹದಿನಾರರವರೆಗೆ ಕಚ್ಚುವುದು, ಹೊಡೆಯುವುದು, ತನ್ನ ಕೆನ್ನೆಗೆ ತಾನೇ ಬಡಿದುಕೊಳ್ಳುವುದು ನಮ್ಮ ಮನೆಯ ದಿನಚರಿಯಲ್ಲೇ ಸೇರಿಹೋಗಿತ್ತು. ಹುಬ್ಬಳ್ಳಿಯಲ್ಲಿ ಇಂಥ ಮಕ್ಕಳಿರುವ ಕೆಲವು ಕುಟುಂಬಗಳವರು ತಿಂಗಳಿಗೊಮ್ಮೆ ಕೂಡುತ್ತೇವೆ. ಆ ಸಭೆಗಳಲ್ಲಿ, ಬರುವ ಪತ್ರಗಳಲ್ಲಿ, ರಾತ್ರಿ ಹನ್ನೊಂದರ ನಂತರದ ಫೋನ್ ಕರೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ನಾನು ವೈದ್ಯೆಯೂ ಅಲ್ಲ, ವಕೀಲೆಯೂ ಅಲ್ಲ. ಔಷಧ ಮತ್ತು ಕಾನೂನಿನ ವಿಷಯದಲ್ಲಿ ನಿಮ್ಮ ಮಗುವನ್ನು ನೋಡಿದವರ ಮಾತೇ ಕೊನೆಯದಾಗಬೇಕು.

## ಮೊದಲು ತಿಳಿಯಬೇಕಾದವು

ಆಟಿಸಂ ಇದ್ದವರೆಲ್ಲ ಹೊಡೀತಾರಾ?

ಇಲ್ಲ. ಆಟಿಸಂ, ಅಂದರೆ ಸ್ವಲೀನತೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಸಂವಹನದಲ್ಲಿ ಮತ್ತು ಇತರರೊಡನೆ ಬೆರೆಯುವುದರಲ್ಲಿ ತೊಡಕು, ಒಂದೇ ಬಗೆಯ ನಡತೆ ಅಥವಾ ಆಸಕ್ತಿಗೆ ಅಂಟಿಕೊಳ್ಳುವುದು, ಶಬ್ದ, ಬೆಳಕು, ಸ್ಪರ್ಶಗಳಿಗೆ ವಿಪರೀತವಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದು ಇವುಗಳನ್ನು ನೋಡಿ ವೈದ್ಯರು ಅದನ್ನು ಗುರುತಿಸುತ್ತಾರೆ. ಹೊಡೆಯುವುದು, ಕಚ್ಚುವುದು ಆ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಹಾಗೆಂದು ಅಂಥ ನಡತೆ ಅಪರೂಪವೆಂದು ಹೇಳಿದರೆ ದಿನನಿತ್ಯ ಅದನ್ನು ಅನುಭವಿಸುವ ಮನೆಗಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅಮೆರಿಕದಲ್ಲಿ 4ರಿಂದ 17 ವರ್ಷದ 1,380 ಮಕ್ಕಳ ಪೋಷಕರನ್ನು ಕೇಳಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 68ರಷ್ಟು ಮಕ್ಕಳು ಒಂದಲ್ಲ ಒಂದು ಸಮಯದಲ್ಲಿ ತಮ್ಮನ್ನು ನೋಡಿಕೊಳ್ಳುವವರ ಮೇಲೆ, ಶೇ. 49ರಷ್ಟು ಮಕ್ಕಳು ಹೊರಗಿನವರ ಮೇಲೆ ಕೈಮಾಡಿದ್ದರು. ಇದು ಬಾಲ್ಯದ ಮಾತು. ದೊಡ್ಡವರ ಹಿಂಸಾ ಅಪರಾಧಗಳ ಲೆಕ್ಕವೇ ಬೇರೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2,95,734 ಯುವಜನರ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂಗೂ ಹಿಂಸಾ ಅಪರಾಧಕ್ಕೂ ಮೇಲ್ನೋಟಕ್ಕೆ ನಂಟು ಕಂಡಿತ್ತು. ಆದರೆ ಜೊತೆಗಿದ್ದ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮತ್ತು ಕಂಡಕ್ಟ್ ಡಿಸಾರ್ಡರ್‌ಗಳನ್ನು (ನಿಯಮ ಮೀರುವ, ಇತರರಿಗೆ ಕೇಡು ಮಾಡುವ ನಡತೆಯ ತೊಂದರೆ) ಲೆಕ್ಕಕ್ಕೆ ಹಿಡಿದಾಗ ಆ ನಂಟು ಬಹಳಮಟ್ಟಿಗೆ ಸಡಿಲವಾಯಿತು. ನೆರೆಮನೆಯವರು ‘ಇಂಥವರು ದೊಡ್ಡವರಾದ ಮೇಲೆ ಅಪಾಯ’ ಎಂದಾಗ ನಾನು ಹೇಳುವುದು ಈ ಸಂಗತಿಯನ್ನೇ.

ಇದು ಹಠಾನಾ, ಮೆಲ್ಟ್‌ಡೌನಾ? ಹೇಗೆ ಗೊತ್ತಾಗೋದು?

ಹಠಕ್ಕೆ ಒಬ್ಬ ನೋಡುಗ ಬೇಕು, ಒಂದು ಬೇಡಿಕೆ ಇರುತ್ತದೆ. ಮಗು ಅಳುತ್ತಲೇ ಓರೆಗಣ್ಣಿನಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ. ಕೇಳಿದ್ದು ಸಿಕ್ಕ ಕೂಡಲೇ ರಂಪ ನಿಲ್ಲುತ್ತದೆ. ಮೆಲ್ಟ್‌ಡೌನ್ ಎಂದರೆ ತಾಳಲಾರದಷ್ಟು ಒತ್ತಡವಾಗಿ ಹತೋಟಿಯೇ ತಪ್ಪಿಹೋಗುವುದು. ಅದು ಬಂದಾಗ ಮಗುವಿಗೆ ನೋಡುಗರ ಪರಿವೆ ಇರುವುದಿಲ್ಲ, ಕೇಳಿದ್ದನ್ನು ಕೊಟ್ಟರೂ ಅದು ನಿಲ್ಲುವುದಿಲ್ಲ, ನಿಂತ ಮೇಲೆ ಮಗು ಜ್ವರ ಬಿಟ್ಟವರಂತೆ ಸೋತು ಮಲಗುತ್ತದೆ. ಇಷ್ಟು ಹೇಳಿಯೂ ಒಂದು ಮಾತು ಸೇರಿಸಲೇಬೇಕು: ಹಠವಾಗಿ ಶುರುವಾದದ್ದು ಐದೇ ನಿಮಿಷದಲ್ಲಿ ಮೆಲ್ಟ್‌ಡೌನ್ ಆಗಿಬಿಡಬಹುದು. ಆದ್ದರಿಂದ ಎರಡನ್ನೂ ಬೇರ್ಪಡಿಸಿ ಹೆಸರಿಡುವುದಕ್ಕಿಂತ, ‘ಈ ಗಳಿಗೆಯಲ್ಲಿ ಇವನಿಗೆ ನನ್ನ ಮಾತು ಕೇಳಿಸುತ್ತಿದೆಯೇ’ ಎಂದು ನೋಡಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊನ್ನೆ ಮೊನ್ನೆವರೆಗೂ ಚೆನ್ನಾಗಿದ್ದ, ಇದ್ದಕ್ಕಿದ್ದಂಗೆ ಕಚ್ಚೋಕೆ ಶುರು ಮಾಡಿದಾನೆ. ಏನಾಗಿದೆ ಇವನಿಗೆ?

ಹೊಸದಾಗಿ ಶುರುವಾದ ಅಥವಾ ಒಮ್ಮೆಲೇ ಹೆಚ್ಚಿದ ಆಕ್ರಮಣವನ್ನು ಕಂಡಾಗ ಮೊದಲು ಹುಡುಕಬೇಕಾದದ್ದು ನೋವನ್ನು. ಹಲ್ಲು, ಕಿವಿ, ಗಂಟಲು, ಮಲಬದ್ಧತೆ, ಹೊಟ್ಟೆಯಲ್ಲಿನ ಉರಿ, ಮುಟ್ಟಿನ ನೋವು, ತಲೆನೋವು, ನಿದ್ದೆಗೇಡು ಇವುಗಳಲ್ಲಿ ಯಾವುದನ್ನೂ ಬಾಯಿಬಿಟ್ಟು ಹೇಳಲಾಗದ ಮಗು ಕೈಯಿಂದ ಹೇಳುತ್ತದೆ. ಆಟಿಸಂ ಇರುವವರಲ್ಲಿ ಅಪಸ್ಮಾರ ಸಾಮಾನ್ಯ ಜನರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಅದನ್ನೂ ವೈದ್ಯರು ಗಮನದಲ್ಲಿಟ್ಟುಕೊಳ್ಳಬೇಕು. ಹದಿಹರೆಯದಲ್ಲಿ ಖಿನ್ನತೆಯೂ ಸಿಟ್ಟಿನ ರೂಪದಲ್ಲಿ ಹೊರಬೀಳಬಹುದು.

ನನ್ನ ಮಗನಿಗೆ ಹನ್ನೊಂದು ವರ್ಷವಿದ್ದಾಗ ಮೂರು ವಾರ ಎಡಗೆನ್ನೆಗೆ ಬಡಿದುಕೊಂಡ, ತಡೆಯಲು ಹೋದವರನ್ನು ಪರಚಿದ. ಆಗ ನಾವು ಹೋಗುತ್ತಿದ್ದ ಥೆರಪಿ ಕೇಂದ್ರದವರು ‘ಗಮನ ಸೆಳೆಯಲು ಮಾಡುತ್ತಿದ್ದಾನೆ, ನೋಡದ ಹಾಗೆ ಇರಿ’ ಎಂದಿದ್ದರು. ನಾವೂ ನೋಡದ ಹಾಗೆ ಇದ್ದೆವು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ನಮ್ಮ ಅತ್ತೆಯವರು, ‘ಇಂವ ಎಡಗಡಿಂದ ಅಗಿಯೂದ ಬಿಟ್ಟಾನ ನೋಡವಾ’ ಎಂದರು. ರೊಟ್ಟಿಯ ಚೂರನ್ನು ನಾಲಿಗೆಯಿಂದ ಬಲಕ್ಕೆ ದೂಡಿ ಅಗಿಯುತ್ತಿದ್ದ. ದಂತವೈದ್ಯರು ನೋಡಿದಾಗ ಎಡ ದವಡೆಯ ಹಲ್ಲು ಬೇರಿನವರೆಗೆ ಹುಳುಕಾಗಿತ್ತು. ಮೂರು ವಾರ ಆ ನೋವಿನಲ್ಲಿ ಮಲಗಿ ಎದ್ದ ಹುಡುಗನನ್ನು ನಾವು ಗಮನ ಸೆಳೆಯುವವನೆಂದು ತಿಳಿದಿದ್ದೆವು. ಇವತ್ತಿಗೂ ಯಾರೇ ಫೋನ್ ಮಾಡಿ ‘ಇದ್ದಕ್ಕಿದ್ದಂತೆ’ ಎಂದರೆ ನಾನು ಮೊದಲು ಕೇಳುವುದು ಹಲ್ಲು ತೋರಿಸಿದ್ದೀರಾ ಎಂದು.

ಎರಡು ಬಾರಿಸಿದ್ರೆ ಸರಿಹೋಗ್ತಾನೆ ಅಂತಾರೆ ನಮ್ಮ ಮಾವ. ಒಂದು ಸಲ ಹೊಡೆದರೆ ಏನಾಗತ್ತೆ?

ಆ ಗಳಿಗೆಗೆ ಸುಮ್ಮನಾಗಬಹುದು. ಆದರೆ ಅವನು ಕಲಿಯುವುದು, ದೊಡ್ಡವರು ತಮಗೆ ಬೇಡವಾದದ್ದನ್ನು ನಿಲ್ಲಿಸಲು ಹೊಡೆಯುತ್ತಾರೆ ಎಂಬುದನ್ನು. ಆರು ವರ್ಷದವನಿಗೆ ನೀವು ಕಲಿಸಿದ ಆ ಪಾಠವನ್ನು ಹದಿನಾರಕ್ಕೆ, ನಿಮಗಿಂತ ಎತ್ತರ ಬೆಳೆದ ಮೇಲೆ, ಅವನು ನಿಮ್ಮ ಮೇಲೆಯೇ ಒಪ್ಪಿಸುತ್ತಾನೆ. ಮಾವನವರಿಗೆ ಎದುರು ಮಾತಾಡಲು ಸಂಕೋಚವಾದರೆ, ಒಂದು ದಿನ ಅವರನ್ನೇ ಮಗುವಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಕೂಡಿಸಿ. ನಮ್ಮ ಗುಂಪಿನ ಹಲವು ಮನೆಗಳಲ್ಲಿ ಇದು ಫಲ ಕೊಟ್ಟಿದೆ.

## ಮನೆಯೊಳಗೆ

ಹೊಡೆಯೋದು ನಿಲ್ಲಿಸಬೇಕು ಅಂದ್ರೆ ಎಲ್ಲಿಂದ ಶುರು ಮಾಡಬೇಕು?

ಒಂದು ನೂರು ಪುಟದ ನೋಟ್‌ಬುಕ್ಕಿನಿಂದ. ಪ್ರತಿ ಬಾರಿ ಹೊಡೆದಾಗ ಅದಕ್ಕೆ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು ಎಂದು ಮೂರು ಕಾಲಮ್ಮಿನಲ್ಲಿ ಬರೆಯಿರಿ. ಎರಡು ವಾರ ಬರೆದರೆ ಸಾಕು, ‘ಸುಮ್‌ಸುಮ್ಮನೆ ಹೊಡೀತಾನೆ’ ಎಂಬ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. ಕೊಟ್ಟ ಕೆಲಸದಿಂದ ತಪ್ಪಿಸಿಕೊಳ್ಳಲು, ಬೇಕಾದ್ದನ್ನು ಪಡೆಯಲು, ಯಾರಾದರೂ ತನ್ನತ್ತ ನೋಡಲೆಂದು, ಇಲ್ಲವೇ ಸಹಿಸಲಾಗದ ಶಬ್ದ, ಸ್ಪರ್ಶಗಳನ್ನು ದೂರ ಮಾಡಲು ಅದು ನಡೆಯುತ್ತಿರುವುದು ಪುಟದ ಮೇಲೆ ಕಾಣತೊಡಗುತ್ತದೆ.

ಮುಂದಿನ ಹೆಜ್ಜೆಯೆಂದರೆ, ಹೊಡೆತ ಮಾಡುತ್ತಿದ್ದ ಕೆಲಸವನ್ನೇ ಮಾಡಬಲ್ಲ ಬೇರೊಂದು ದಾರಿಯನ್ನು ಕಲಿಸುವುದು. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಕಷ್ಟದ ಪಾಠ ಬಂದಾಗ ರಂಪ ಮಾಡುತ್ತಿದ್ದ ಮಕ್ಕಳಿಗೆ ಸಹಾಯ ಕೇಳುವುದನ್ನು ಕಲಿಸಿದಾಗ ರಂಪ ಕಡಿಮೆಯಾಯಿತು. ಮಾತು ಬಾರದವರಿಗೆ ಚಿತ್ರದ ಕಾರ್ಡು, ಕೈಸನ್ನೆ ಅಥವಾ ಫೋನಿನಲ್ಲಿ ಒತ್ತುವ ಗುಂಡಿ ಸಾಕು. ನಮ್ಮಲ್ಲಿ ‘ಸಾಕು’ ಎಂದು ಬರೆದ, ಅಂಗೈ ಚಿತ್ರವಿರುವ ಒಂದು ಕೆಂಪು ಕಾರ್ಡು ಇತ್ತು. ಅವನು ಅದನ್ನು ತೋರಿಸಿದ ಮೊದಲ ತಿಂಗಳು, ಎಂಥ ಕೆಲಸದ ನಡುವೆಯಿದ್ದರೂ, ನಾವು ಆ ಕ್ಷಣವೇ ನಿಲ್ಲಿಸುತ್ತಿದ್ದೆವು. ಕಾರ್ಡಿಗೆ ಬೆಲೆಯಿಲ್ಲವೆಂದು ಅವನಿಗೆ ಒಮ್ಮೆ ಅನ್ನಿಸಿದ್ದರೆ ಮತ್ತೆ ಹಲ್ಲಿಗೇ ಹೋಗುತ್ತಿದ್ದ.

ಪೋಷಕರು ಕಲಿಯುವುದರಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ ಎಂದು ಅನುಮಾನಿಸುವವರಿಗೆ: 3ರಿಂದ 7 ವರ್ಷದ 180 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಡತೆ ನಿಭಾಯಿಸುವ ಕ್ರಮಗಳ ತರಬೇತಿ ಪಡೆದ ಪೋಷಕರ ಮಕ್ಕಳಲ್ಲಿ ಸಿಡುಕಿನ ಅಂಕ 24 ವಾರಗಳಲ್ಲಿ ಸುಮಾರು ಶೇ. 48ರಷ್ಟು ಇಳಿಯಿತು, ಆಟಿಸಂ ಬಗ್ಗೆ ಮಾಹಿತಿಯನ್ನಷ್ಟೇ ಪಡೆದವರ ಮಕ್ಕಳಲ್ಲಿ ಸುಮಾರು ಶೇ. 32ರಷ್ಟು ಇಳಿಯಿತು.

ಆ ಗಳಿಗೆಯಲ್ಲಿ ಏನ್ ಮಾಡಬೇಕು? ಕೈಕಾಲು ಹಿಡ್ಕೊಂಡು ಕೂರಿಸಬಹುದಾ?

ಮಾತು ಕಡಿಮೆ ಮಾಡಿ, ದನಿ ಇಳಿಸಿ, ಟಿವಿ ಆರಿಸಿ, ಉಳಿದವರನ್ನು ಕೋಣೆಯಿಂದ ಹೊರಗೆ ಕಳಿಸಿ, ಚೂಪಾದ ಮತ್ತು ಬಿಸಿಯಾದ ವಸ್ತುಗಳನ್ನು ದೂರ ಸರಿಸಿ, ಅವನು ಹೊರಹೋಗುವ ದಾರಿಗೆ ಅಡ್ಡ ನಿಲ್ಲದೆ ಒಂದು ಕೈಯಳತೆಯಾಚೆ ನಿಲ್ಲಿ. ಬುದ್ಧಿಮಾತು ಹೇಳುವ ಹೊತ್ತು ಅದಲ್ಲ. ರಸ್ತೆಗೆ ನುಗ್ಗುವ ಅಥವಾ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವಂಥ ಅಪಾಯವಿದ್ದಾಗ ಮಾತ್ರ, ಆ ಅಪಾಯ ಕಳೆಯುವಷ್ಟೇ ಹೊತ್ತು ಹಿಡಿಯಬಹುದು. ಎಂಥ ಸಂದರ್ಭದಲ್ಲೂ ಬೋರಲಾಗಿ ಕೆಡವಿ ಬೆನ್ನಿನ ಮೇಲೆ ಕೂರಬಾರದು, ಎದೆ ಮತ್ತು ಕುತ್ತಿಗೆಯ ಮೇಲೆ ಭಾರ ಹಾಕಬಾರದು. ಹಾಗೆ ಮಾಡಿದರೆ ಉಸಿರು ಕಟ್ಟಿ ಪ್ರಾಣವೇ ಹೋಗಬಹುದು. ಶಾಲೆಗೆ, ಡೇ ಕೇರ್‌ಗೆ ಸೇರಿಸುವಾಗ ಅವರು ಮಗುವನ್ನು ಹೇಗೆ ಹಿಡಿಯುತ್ತಾರೆಂದು ಬಾಯಿಬಿಟ್ಟು ಕೇಳಿ, ಮಾಡಿ ತೋರಿಸಿ ಎನ್ನಿ.

ಡಾಕ್ಟರ್ ಮಾತ್ರೆ ಬರೆದಿದಾರೆ. ಕೊಡ್ಲಾ, ಬೇಡ್ವಾ? ಮಂಕಾಗಿಬಿಡ್ತಾನೇನೋ ಅಂತ ಭಯ.

ಆಟಿಸಂಗೆ ಮಾತ್ರೆಯಿಲ್ಲ, ಅದರ ಜೊತೆಗೆ ಬರುವ ತೀವ್ರ ಸಿಡುಕು ಮತ್ತು ಆಕ್ರಮಣಕ್ಕೆ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಉದ್ದೇಶಕ್ಕೆ 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಔಷಧಗಳನ್ನು ಒಪ್ಪಿತು. ರಿಸ್ಪೆರಿಡೋನ್ ಕುರಿತು 101 ಮಕ್ಕಳ ಮೇಲೆ ಎಂಟು ವಾರ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 69 ಮಕ್ಕಳು ಗಣನೀಯವಾಗಿ ಸುಧಾರಿಸಿದರು, ಹುಸಿ ಮಾತ್ರೆ ಪಡೆದವರಲ್ಲಿ ಶೇ. 12 ಮಾತ್ರ. ಅದೇ ಎಂಟು ವಾರಗಳಲ್ಲಿ ಔಷಧ ಪಡೆದವರ ತೂಕ ಸರಾಸರಿ 2.7 ಕಿಲೋ ಏರಿತು, ಇನ್ನೊಂದು ಗುಂಪಿನದು 0.8 ಕಿಲೋ. ಹಸಿವು ಹೆಚ್ಚುವುದು, ತೂಕಡಿಕೆ, ಸುಸ್ತು, ಜೊಲ್ಲು ಸುರಿಯುವುದು ಇವೂ ಕಂಡುಬಂದವು.

ನಾನು ಕೊಟ್ಟೆ. ಹದಿಮೂರರಿಂದ ಹದಿನಾರರವರೆಗೆ ಮಗ ಮಾತ್ರೆ ತೆಗೆದುಕೊಂಡ. ಆ ಮೂರು ವರ್ಷ ಅವನ ಮನಸ್ಸು ಕಲಿಯುವಷ್ಟು ಶಾಂತವಾಗಿದ್ದುದರಿಂದಲೇ ಕಾರ್ಡು, ಉಸಿರಾಟ, ಕ್ಷಮೆ ಕೇಳುವುದು ಎಲ್ಲ ಅವನಿಗೆ ಹತ್ತಿತು ಎಂಬುದು ನನ್ನ ನಂಬಿಕೆ. ತೂಕ, ರಕ್ತದ ಸಕ್ಕರೆ, ಕೊಬ್ಬಿನಂಶ ಇವುಗಳ ಪರೀಕ್ಷೆಗಳನ್ನು ತಪ್ಪಿಸಬೇಡಿ. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಏನನ್ನೂ ಕಲಿಸದೆ ಬರೀ ಮಾತ್ರೆಯ ಮೇಲೆ ವರ್ಷಗಳನ್ನು ಕಳೆಯುವುದೂ ಬೇಡ.

ತಂಗಿಗೆ ಹೊಡೀತಾನೆ. ‘ಅಣ್ಣಂಗೆ ಗೊತ್ತಾಗಲ್ಲ ಪುಟ್ಟಿ, ನೀನೇ ಸಹಿಸ್ಕೋ’ ಅಂತೀವಿ. ತಪ್ಪಾ?

ತಪ್ಪು. ಆ ಮಾತಿನಲ್ಲಿ ಇಬ್ಬರು ಮಕ್ಕಳಿಗೂ ಅನ್ಯಾಯವಾಗುತ್ತದೆ. ತಂಗಿಗೆ ತನ್ನ ನೋವು ಲೆಕ್ಕಕ್ಕಿಲ್ಲವೆಂದು ತಿಳಿಯುತ್ತದೆ; ಅಣ್ಣನಿಗೆ ‘ಗೊತ್ತಾಗಲ್ಲ’ ಎಂಬ ಮುದ್ರೆ ಬೀಳುತ್ತದೆ, ಗೊತ್ತಾಗುವ ದಿನ ಬಂದರೂ ಯಾರೂ ಅದನ್ನು ಗುರುತಿಸುವುದಿಲ್ಲ. ಪೆಟ್ಟು ಬಿದ್ದ ಕೂಡಲೇ ಮೊದಲು ತಂಗಿಯ ಹತ್ತಿರ ಹೋಗಿ, ಅವಳ ಗಾಯ ನೋಡಿ, ‘ಇದು ಆಗಬಾರದಿತ್ತು, ನಿನ್ನನ್ನು ಕಾಪಾಡುವುದು ನನ್ನ ಕೆಲಸ’ ಎಂದು ಹೇಳಿ. ಅವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಜಾಗವಿರಲಿ, ನಿಮ್ಮೊಡನೆ ಒಬ್ಬಳೇ ಕಳೆಯುವ ಒಂದಿಷ್ಟು ಹೊತ್ತಿರಲಿ.

ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ. ನನ್ನ ಮಗನ್ನ ಕಂಡ್ರೆ ನನಗೇ ಭಯ.

ಈ ಮಾತನ್ನು ನಮ್ಮ ಸಭೆಯಲ್ಲಿ ಮೊದಲು ಒಬ್ಬ ತಾಯಿ ಆಡಿದಾಗ ಇಡೀ ಕೋಣೆ ಸುಮ್ಮನಾಯಿತು, ಆಮೇಲೆ ಒಬ್ಬೊಬ್ಬರಾಗಿ ಕೈಯೆತ್ತಿದರು. ಭಯಪಟ್ಟರೆ ಪ್ರೀತಿ ಕಡಿಮೆಯೆಂದು ಅರ್ಥವಲ್ಲ. ನಿಮ್ಮೊಬ್ಬರಿಂದ ಆಗುವುದಕ್ಕಿಂತ ಹೆಚ್ಚು ನೆರವು ಬೇಕೆಂದು ಅರ್ಥ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಮೈಮೇಲೆ ಆದ ಗಾಯಗಳನ್ನು ಡಾಕ್ಟರಿಗೆ ತೋರಿಸಿ, ಸೆರಗಿನಲ್ಲಿ ಮುಚ್ಚಿಕೊಳ್ಳಬೇಡಿ. ಎಷ್ಟು ಕಷ್ಟವಿದೆಯೆಂಬುದು ಅವರಿಗೆ ತಿಳಿಯುವುದು ಆಗಲೇ.

## ಹೊಣೆಯ ಪ್ರಶ್ನೆ

ಹಾಗಾದ್ರೆ ಅವನ ತಪ್ಪೇ ಇಲ್ವಾ? ಎಲ್ಲಕ್ಕೂ ಆಟಿಸಂ ಅಂತ ಹೇಳ್ಕೊಂಡು ಹೋಗೋದಾ?

ನನಗೆ ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು, ಕೇಳುವವರು ಬಹುತೇಕ ಸಿಟ್ಟಿನಲ್ಲೇ ಕೇಳುತ್ತಾರೆ. ಆ ಸಿಟ್ಟಿಗೆ ಕಾರಣವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕಾರಣ ಹೇಳುವುದು ಬೇರೆ, ನೆಪ ಹೇಳುವುದು ಬೇರೆ. ‘ಮಿಕ್ಸರ್ ಶಬ್ದಕ್ಕೆ ತಲೆ ಸಿಡಿದು ಕಚ್ಚಿದ’ ಎಂಬುದು ಕಾರಣ. ಅದು ಗೊತ್ತಾದ ಮೇಲೆ ನಾಳೆ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ. ‘ಅವನಿಗೆ ಆಟಿಸಂ, ಬಿಡಿ’ ಎಂಬುದು ನೆಪ. ಅದನ್ನು ಹೇಳಿದ ಮೇಲೆ ಯಾರೂ ಏನೂ ಮಾಡುವುದಿಲ್ಲ, ಕಚ್ಚಿಸಿಕೊಂಡವರು ಕಚ್ಚಿಸಿಕೊಂಡೇ ಇರಬೇಕಾಗುತ್ತದೆ.

ಹೊಣೆಯೂ ಹೊರೆಯ ಹಾಗೆಯೇ, ಹೊರುವವನ ಬೆನ್ನು ನೋಡಿ ಹೊರಿಸಬೇಕು. ಮಾತು ಬಾರದ ಆರು ವರ್ಷದ ಮಗುವಿನ ಮೇಲೆ, ಪದವಿ ಓದಿ ಸಂಬಳ ತರುವ ಮೂವತ್ತರ ಆಟಿಸ್ಟಿಕ್ ವ್ಯಕ್ತಿಯ ಮೇಲೆ ಒಂದೇ ತೂಕದ ಹೊರೆ ಹಾಕಿದರೆ ಒಬ್ಬ ಕುಸಿಯುತ್ತಾನೆ. ಇಬ್ಬರ ಮೇಲೂ ಏನೂ ಹಾಕದಿದ್ದರೆ ಇಬ್ಬರ ಬೆನ್ನೂ ಬಲಿಯುವುದಿಲ್ಲ. ಅಷ್ಟೇ ಅಲ್ಲ, ಒಬ್ಬನೇ ವ್ಯಕ್ತಿಯಲ್ಲೂ ಹೊತ್ತಿಗೆ ತಕ್ಕಂತೆ ಹೊಣೆ ಬದಲಾಗುತ್ತದೆ. ಮೆಲ್ಟ್‌ಡೌನಿನ ನಡುವೆ ಆಯ್ಕೆ ಮಾಡಿಕೊಳ್ಳುವ ಶಕ್ತಿ ಬಹುಪಾಲು ಕಳೆದುಹೋಗಿರುತ್ತದೆ. ಆದರೆ ಅದಕ್ಕೆ ಹತ್ತು ನಿಮಿಷ ಮೊದಲು, ಕಿವಿ ಮುಚ್ಚಿಕೊಂಡು ಅತ್ತಿತ್ತ ಓಡಾಡಲು ಶುರುಮಾಡಿದಾಗ, ಕೋಣೆಗೆ ಹೋಗುವ ಆಯ್ಕೆ ಇರುತ್ತದೆ; ಒಂದು ಗಂಟೆಯ ನಂತರ ಆದದ್ದನ್ನು ಸರಿಪಡಿಸುವ ಆಯ್ಕೆಯೂ ಇರುತ್ತದೆ. ನಾವು ಹೊಣೆಯನ್ನು ಕಲಿಸಬೇಕಾದದ್ದು ಆ ಮೊದಲಿನ ಹತ್ತು ನಿಮಿಷದಲ್ಲಿ ಮತ್ತು ಆ ನಂತರದ ಗಂಟೆಯಲ್ಲಿ. ನಡುವಿನ ಗಳಿಗೆಗೇ ಶಿಕ್ಷೆ ಕೊಡುತ್ತ ಕೂರುವುದರಿಂದಲೇ ನಮ್ಮಲ್ಲಿ ಎಷ್ಟೋ ಮಕ್ಕಳು ಏನನ್ನೂ ಕಲಿಯದೆ ದೊಡ್ಡವರಾಗುತ್ತಾರೆ.

ಇದರಲ್ಲಿ ನಮ್ಮ ಪಾಲೂ ಇದೆ. ಶಬ್ದ ತಾಳದವನನ್ನು ಮದುವೆ ಮಂಟಪದ ವಾಲಗದ ಪಕ್ಕ ಕೂರಿಸಿ, ಅವನು ಹೊಡೆದಾಗ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಮಾತೇ ಬರದವನಿಗೆ ಹೊಣೆ ಅನ್ನೋದನ್ನ ಕಲಿಸೋದು ಹೇಗೆ?

ಕೈಯಿಂದ ಕಲಿಸಬಹುದು. ನನ್ನ ಮಗ ಹದಿನಾಲ್ಕರವನಿದ್ದಾಗ ಒಂದು ಬೆಳಿಗ್ಗೆ ಅತ್ತೆಯವರು ಅಡುಗೆಮನೆಯಲ್ಲಿ ಶೇಂಗಾ ಚಟ್ನಿಗೆ ಮಿಕ್ಸರ್ ಹಾಕಿದರು. ಅವನು ಓಡಿ ಬಂದು ಅವರ ಮುಂಗೈ ಕಚ್ಚಿದ. ಹಲ್ಲಿನ ಗುರುತುಗಳಲ್ಲಿ ಎರಡು ಕಡೆ ರಕ್ತ ಜಿನುಗಿತು. ನಾವು ಕೂಗಾಡಲಿಲ್ಲ, ಅವನು ಕೋಣೆಗೆ ಹೋಗಿ ಮಲಗಿದ. ಸುಮಾರು ಮುಕ್ಕಾಲು ಗಂಟೆಯ ನಂತರ ಅವನನ್ನು ಕರೆದುಕೊಂಡು ಬಂದು ಅಜ್ಜಿಯ ಕೈ ತೋರಿಸಿದೆ. ಡೆಟಾಲ್ ಬಾಟಲಿ, ಹತ್ತಿ, ಬಟ್ಟಲಲ್ಲಿ ನೀರು ಮುಂದಿಟ್ಟು, ಅವನ ಕೈಹಿಡಿದು ಗಾಯ ಒರೆಸಿಸಿದೆ. ಅತ್ತೆಯವರು ‘ನೋವಾತು’ ಎಂದಷ್ಟೇ ಹೇಳಿದರು, ಮುದ್ದು ಮಾಡಲಿಲ್ಲ, ಬೈಯಲೂ ಇಲ್ಲ. ಅಂದಿನಿಂದ ಮನೆಯಲ್ಲಿ ಒಂದು ನಿಯಮವಾಯಿತು: ನೋವು ಮಾಡಿದವರು ಗಾಯ ಒರೆಸಬೇಕು, ಒಡೆದವರು ಚೂರು ಆಯಬೇಕು. ಅದರ ಜೊತೆಗೆ ಇನ್ನೊಂದು ನಿಯಮವೂ ಬಂತು, ಮಿಕ್ಸರ್ ಹಾಕುವ ಮುಂಚೆ ಅವನಿಗೆ ಹೇಳಿ, ಹೆಡ್‌ಫೋನ್ ಕೊಟ್ಟೇ ಹಾಕಬೇಕು. ಎರಡೂ ನಿಯಮಗಳನ್ನು ಎರಡೂ ಕಡೆಯವರು ಪಾಲಿಸಿದೆವು.

ಸುಮಾರು ಎಂಟು ತಿಂಗಳಾದ ಮೇಲೆ ಅವನು ನನ್ನನ್ನು ಪರಚಿದ ಒಂದು ಸಂಜೆ, ಯಾರೂ ಕರೆಯದೆ, ಕಪಾಟಿನಿಂದ ಹತ್ತಿಯ ಪೊಟ್ಟಣ ತಂದು ನನ್ನ ತೊಡೆಯ ಮೇಲಿಟ್ಟು ನಿಂತ. ಬಾಯಲ್ಲಿ ಒಂದು ಮಾತಿಲ್ಲ. ಅದನ್ನು ಕ್ಷಮೆಯೆನ್ನದೆ ನಾನು ಬೇರೇನೆಂದೂ ಕರೆಯಲಾರೆ.

ನನಗೇ ಆಟಿಸಂ ಇದೆ ಅಂತ 29ನೇ ವಯಸ್ಸಲ್ಲಿ ಗೊತ್ತಾಯ್ತು. ಕೋಪ ಬಂದ್ರೆ ಸಾಮಾನು ಎಸೀತೀನಿ, ಒಂದು ಸಲ ಹೆಂಡತಿನ ತಳ್ಳಿದೆ. ಕಾರಣ ಹೇಳಿದ್ರೆ ‘ನೆಪ’ ಅಂತಾಳೆ.

ನೀವು ಇದನ್ನು ಬರೆದು ಕೇಳಿದ್ದೇ ದೊಡ್ಡದು. ಅದಕ್ಕಾಗಿಯೇ ನೇರವಾಗಿ ಉತ್ತರಿಸುತ್ತೇನೆ. ಇಷ್ಟು ವರ್ಷ ನಿಮಗೆ ಏನಾಗುತ್ತಿದೆಯೆಂದು ತಿಳಿಯದೆ ನರಳಿದ್ದು ನಿಮ್ಮ ತಪ್ಪಲ್ಲ. ಈಗ ತಿಳಿದಿದೆ, ತಿಳಿದ ದಿನದಿಂದ ಹೊಣೆಯೂ ನಿಮ್ಮದಾಯಿತು. ನಿಮ್ಮ ಮೈ ಮೊದಲು ಕೊಡುವ ಸೂಚನೆ ಯಾವುದು, ದವಡೆ ಬಿಗಿಯುವುದೇ, ಕಿವಿ ಬಿಸಿಯಾಗುವುದೇ, ಮಾತು ನಿಲ್ಲುವುದೇ ಎಂದು ಗುರುತಿಸಿಕೊಳ್ಳಿ. ಆ ಸೂಚನೆ ಬಂದಾಗ ಹೊರಗೆ ಹೋಗಿ ಅರ್ಧ ಗಂಟೆ ನಡೆದು ಬರುತ್ತೇನೆಂದು, ತಪ್ಪದೆ ಹಿಂದಿರುಗುತ್ತೇನೆಂದು ಶಾಂತವಾಗಿರುವ ದಿನವೇ ಪತ್ನಿಯೊಡನೆ ಮಾತಾಡಿ ನಿಗದಿ ಮಾಡಿಕೊಳ್ಳಿ. ಕ್ಷಮೆ ಕೇಳುವಾಗ ‘ಆದರೆ’ ಎಂಬ ಪದ ಬರದಿರಲಿ. ಕಾರಣವನ್ನು ಬೇರೊಂದು ದಿನ, ಅವರು ಕೇಳಿದಾಗ ಹೇಳಿ.

ಅವರು ಹೆದರಿ ತವರಿಗೆ ಹೋದರೆ ಅದು ಅವರ ಹಕ್ಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆಟಿಸಂ ಇದ್ದವರಿಗೆ ವಿನಾಯಿತಿಯೇನೂ ಇಲ್ಲ, ಇರಬೇಕೆಂದು ನನಗೆ ಅನ್ನಿಸುವುದೂ ಇಲ್ಲ.

ಇವರಿಗೆ ಪಶ್ಚಾತ್ತಾಪವೇ ಆಗಲ್ಲವಂತೆ, ಇನ್ನೊಬ್ಬರ ನೋವು ತಿಳಿಯಲ್ಲವಂತೆ. ನಿಜಾನಾ?

ಎದುರಿನವರ ಮನಸ್ಸಿನಲ್ಲಿ ಏನಿದೆಯೆಂದು ಮುಖ ನೋಡಿ ಊಹಿಸುವುದು ಒಂದು ಶಕ್ತಿ. ಅವರು ನೋಯುತ್ತಿದ್ದಾರೆಂದು ತಿಳಿದಾಗ ತಾನೂ ನೋಯುವುದು ಇನ್ನೊಂದು. ಆಟಿಸಂನಲ್ಲಿ ತೊಡಕು ಹೆಚ್ಚಾಗಿ ಕಾಣುವುದು ಮೊದಲನೆಯದರಲ್ಲಿ. ತನ್ನ ಭಾವನೆಗೇ ಹೆಸರು ಹುಡುಕಲಾಗದ ಅಲೆಕ್ಸಿಥೈಮಿಯಾ ಎಂಬ ಸ್ಥಿತಿಯೂ ಹಲವರಲ್ಲಿ ಜೊತೆಗಿರುತ್ತದೆ. ಸ್ವತಃ ಆಟಿಸ್ಟಿಕ್ ಆಗಿರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಇನ್ನೊಂದು ಮಗ್ಗುಲನ್ನು ತೋರಿಸಿದರು: ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ.

ಮುಖದ ಮೇಲೆ ಕಾಣದ ದುಃಖ ಇಲ್ಲವೇ ಇಲ್ಲವೆಂದು ತೀರ್ಮಾನಿಸಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಟೆಕ್ಸಾಸಿನ ರಾಬರ್ಟ್ ರಾಬರ್ಸನ್ ಪ್ರಕರಣವನ್ನು ನೋಡಬೇಕು. 2002ರಲ್ಲಿ ಎರಡು ವರ್ಷದ ಮಗಳು ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ ಅವರು ಭಾವರಹಿತರಾಗಿದ್ದರು ಎಂಬುದನ್ನೂ ಅವರ ವಿರುದ್ಧ ಹೇಳಲಾಯಿತು, 2003ರಲ್ಲಿ ಮರಣದಂಡನೆ ವಿಧಿಸಲಾಯಿತು. ಅವರಿಗೆ ಆಟಿಸಂ ಇದೆಯೆಂದು ಗುರುತಿಸಿದ್ದು 2018ರಲ್ಲಿ. 2024ರ ಅಕ್ಟೋಬರ್‌ನಲ್ಲಿ ದಂಡನೆ ಜಾರಿಯಾಗಬೇಕಿದ್ದ ದಿನವೇ ಅದಕ್ಕೆ ತಡೆ ಬಿತ್ತು. ಆ ಪ್ರಕರಣದ ವೈದ್ಯಕೀಯ ಸಾಕ್ಷ್ಯದ ವಿವಾದ ಬೇರೆಯೇ ಇದೆ. ಒಬ್ಬ ತಂದೆ ಅಳಲಿಲ್ಲವೆಂಬುದು ಸಾಕ್ಷ್ಯವಾಗಿ ನಿಂತದ್ದು ಮಾತ್ರ ನನ್ನನ್ನು ಕಾಡುತ್ತದೆ.

## ಕಾನೂನು, ಪೊಲೀಸು, ಹದಿನೆಂಟರ ನಂತರ

ಕೇಸ್ ಆದ್ರೆ ಆಟಿಸಂ ಸರ್ಟಿಫಿಕೇಟ್ ತೋರಿಸಿದ್ರೆ ಬಿಟ್ಟುಬಿಡ್ತಾರಾ?

ಸರ್ಟಿಫಿಕೇಟೊಂದರಿಂದಲೇ ಬಿಡುಗಡೆಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು, ಅಂದರೆ ಹಳೆಯ ಐಪಿಸಿ 84, ಹೇಳುವುದು ಇಷ್ಟು: ಕೃತ್ಯ ನಡೆದ ಹೊತ್ತಿನಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಕಾರಣದಿಂದ, ತಾನು ಮಾಡುತ್ತಿರುವುದು ಏನೆಂದೇ ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧವೆಂದು ತಿಳಿಯುವ ಶಕ್ತಿ ಇಲ್ಲದವನು ಮಾಡಿದ್ದು ಅಪರಾಧವಲ್ಲ. ರೋಗದ ಹೆಸರಿಗಿಂತ ಆ ಹೊತ್ತಿನ ತಿಳಿವಳಿಕೆಯೇ ಇಲ್ಲಿ ಮುಖ್ಯ. ಅದನ್ನು ಸಾಬೀತುಪಡಿಸುವ ಹೊಣೆ ಆರೋಪಿಯ ಮೇಲಿದ್ದರೂ, ಸಾಧ್ಯತೆ ಹೆಚ್ಚೆಂದು ತೋರಿಸಿದರೆ ಸಾಕೆಂದು ಸುಪ್ರೀಂ ಕೋರ್ಟ್ 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲೇ ಹೇಳಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆ ಬಲಿತಿದೆಯೇ ಎಂದು ನೋಡಬೇಕು. ಹದಿನೆಂಟರೊಳಗಿನವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ.

ಹಾಗೆಂದು ಸರ್ಟಿಫಿಕೇಟು ನಿರರ್ಥಕವಲ್ಲ. 2016ರ ಅಂಗವಿಕಲ ವ್ಯ‍ಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ವಿಚಾರಣೆಯಲ್ಲಿ ಸರಳ ಭಾಷೆ, ಜೊತೆಗೊಬ್ಬ ಪರಿಚಿತರು, ಹೆಚ್ಚಿನ ಸಮಯ ಇವುಗಳನ್ನು ಕೇಳಲು ಆ ದಾಖಲೆ ಆಧಾರವಾಗುತ್ತದೆ. ಗದರಿಸಿ ಕೇಳಿದ ಎಲ್ಲ ಪ್ರಶ್ನೆಗೂ ‘ಹೌದು’ ಎನ್ನುವ ಮಕ್ಕಳು ನಮ್ಮವರು. ಠಾಣೆಯಲ್ಲಿ ಅವರನ್ನು ಒಬ್ಬರೇ ಬಿಡಬಾರದು.

ಕೆನಡಾದಲ್ಲಿ ಒಬ್ಬ ಜನರ ಮೇಲೆ ವ್ಯಾನ್ ಹತ್ತಿಸಿ ‘ನನಗೆ ಆಟಿಸಂ’ ಅಂದನಂತಲ್ಲ, ಕೋರ್ಟ್ ಏನ್ ಹೇಳ್ತು?

ಟೊರಾಂಟೊದಲ್ಲಿರುವ ಕನ್ನಡಿಗ ತಂದೆಯೊಬ್ಬರು ಈ ಪ್ರಶ್ನೆಯನ್ನು ಬರೆದು ಕಳಿಸಿದ್ದರು. ಅವರ ಮಗಳಿಗೂ ಆಟಿಸಂ ಇದೆ. ಆ ವಿಚಾರಣೆಯ ದಿನಗಳಲ್ಲಿ ಆಫೀಸಿನಲ್ಲಿ ತಲೆಯೆತ್ತಿ ನಡೆಯಲು ಆಗುತ್ತಿರಲಿಲ್ಲವೆಂದು ಬರೆದಿದ್ದರು.

2018ರ ಏಪ್ರಿಲ್ 23ರಂದು ಟೊರಾಂಟೊದ ಯಂಗ್ ಸ್ಟ್ರೀಟಿನಲ್ಲಿ ಬಾಡಿಗೆ ವ್ಯಾನನ್ನು ಕಾಲುದಾರಿಯ ಮೇಲೆ ಓಡಿಸಿ ಒಬ್ಬ ಹತ್ತು ಜನರನ್ನು ಕೊಂದ, ಹದಿನಾರು ಜನರನ್ನು ಗಾಯಗೊಳಿಸಿದ; ಗಾಯಗೊಂಡವರಲ್ಲಿ ಒಬ್ಬರು 2021ರಲ್ಲಿ ತೀರಿಕೊಂಡರು. ಆಟಿಸಂನಿಂದಾಗಿ ಅವನಿಗೆ ಇತರರ ನೋವು ತಿಳಿಯುವುದಿಲ್ಲ, ಆದ್ದರಿಂದ ತನ್ನ ಕೃತ್ಯ ನೈತಿಕವಾಗಿ ತಪ್ಪೆಂಬುದೂ ಅವನ ಅರಿವಿಗೆ ಬರಲಿಲ್ಲ ಎಂದು ಅವನ ಪರ ವಕೀಲರು ವಾದಿಸಿದರು. ಆಟಿಸ್ಟಿಕ್ ಜನರ ಪರವಾಗಿ ದುಡಿಯುವ ಆಟಿಸಂ ಒಂಟಾರಿಯೊ ಸಂಸ್ಥೆ ಆ ವಾದವನ್ನು ಬಹಿರಂಗವಾಗಿ ಖಂಡಿಸಿತು. 2021ರ ಮಾರ್ಚ್ 3ರಂದು ತೀರ್ಪು ನೀಡಿದ ನ್ಯಾಯಮೂರ್ತಿ ಆನ್ ಮೊಲಾಯ್, ಕೆನಡಾದ ಕಾನೂನಿನ ಮಟ್ಟಿಗೆ ಆಟಿಸಂ ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯೊಳಗೆ ಬರಬಹುದೆಂದು ಒಪ್ಪಿದರು. ಆದರೆ ಅವನು ಮುಂಚಿತವಾಗಿ ಯೋಜಿಸಿದ್ದ, ಕೊಲ್ಲುವುದು ತಪ್ಪೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಮಾಡಿದ. ಸಹಾನುಭೂತಿಯ ಕೊರತೆ ಯಾವ ಕಾರಣದಿಂದಲೇ ಬಂದಿರಲಿ, ಅದು ತಪ್ಪು ಸರಿ ತಿಳಿಯದಿರುವುದಕ್ಕೆ ಸಮವಲ್ಲ ಎಂದು ಹೇಳಿ ಅವನನ್ನು ತಪ್ಪಿತಸ್ಥನೆಂದು ಘೋಷಿಸಿದರು. 2022ರ ಜೂನ್‌ನಲ್ಲಿ 25 ವರ್ಷ ಪೆರೋಲಿಲ್ಲದ ಜೀವಾವಧಿ ಶಿಕ್ಷೆಯಾಯಿತು.

ಅವನು ಬಯಸಿದ್ದು ಪ್ರಚಾರವನ್ನು ಎಂಬ ಕಾರಣಕ್ಕೆ ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಅವನ ಹೆಸರೆತ್ತದೆ ‘ಜಾನ್ ಡೋ’ ಎಂದಷ್ಟೇ ಕರೆದರು. ನಾನೂ ಅವನ ಹೆಸರು ಬರೆಯುವುದಿಲ್ಲ. ಆ ತೀರ್ಪಿನಿಂದ ನಮಗೆ ಆದ ಉಪಕಾರ ದೊಡ್ಡದು. ಆ ವಾದ ಗೆದ್ದಿದ್ದರೆ, ಆಟಿಸಂ ಇರುವ ಪ್ರತಿಯೊಬ್ಬರ ಮೇಲೂ ‘ಇವರಿಗೆ ತಪ್ಪು ಸರಿ ತಿಳಿಯದು’ ಎಂಬ ನೆರಳು ಬೀಳುತ್ತಿತ್ತು, ಆಗ ಯಾವ ಕಾಲೇಜು ಸೇರಿಸಿಕೊಳ್ಳುತ್ತಿತ್ತು, ಯಾರು ಕೆಲಸ ಕೊಡುತ್ತಿದ್ದರು? ಹೊಣೆಗಾರನೆಂದು ಪರಿಗಣಿತನಾಗುವುದೂ ಮನುಷ್ಯನ ಘನತೆಯ ಭಾಗ ಎಂದು ನಾನು ನಂಬಿರುವುದು ಇದಕ್ಕೇ.

ಕೈಮೀರಿದಾಗ ಪೊಲೀಸರನ್ನ ಕರೆಯಬಹುದಾ?

ಪ್ರಾಣಕ್ಕೆ ಅಪಾಯವಿದ್ದಾಗ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಆದರೆ ಮೊದಲ ವಾಕ್ಯದಲ್ಲೇ ‘ಅವನಿಗೆ ಆಟಿಸಂ ಇದೆ, ಕೈಯಲ್ಲಿ ಆಯುಧವಿಲ್ಲ, ಮುಟ್ಟಿದರೆ ಹೆದರುತ್ತಾನೆ, ಸೈರನ್ ಬೇಡ’ ಎಂದು ಹೇಳಿ. ಅಮೆರಿಕದಲ್ಲಿರುವ ನಮ್ಮವರು ಇನ್ನೂ ಎಚ್ಚರದಿಂದಿರಬೇಕು: 2020ರ ಸೆಪ್ಟೆಂಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ತಾಯಿಯೊಬ್ಬರು ನೆರವಿಗೆಂದು ಕರೆದಾಗ ಬಂದ ಪೊಲೀಸರು ಹದಿಮೂರು ವರ್ಷದ ಹುಡುಗನಿಗೇ ಗುಂಡು ಹೊಡೆದರು. ಅವನು ಬದುಕುಳಿದ. ಅಲ್ಲಿ 988 ಸಂಖ್ಯೆಗೆ ಕರೆ ಮಾಡಿದರೆ ಮಾನಸಿಕ ಆರೋಗ್ಯದ ನೆರವು ಸಿಗುತ್ತದೆ. ಎಲ್ಲೇ ಇರಿ, ನಿಮ್ಮ ಬೀಟ್ ಪೊಲೀಸರಿಗೆ, ಅಕ್ಕಪಕ್ಕದವರಿಗೆ ನಿಮ್ಮ ಮಗನನ್ನು ಅವನು ಶಾಂತವಾಗಿರುವ ದಿನವೇ ಪರಿಚಯಿಸಿಡಿ.

ಒಬ್ಬ ಹುಡುಗನಿಗೆ ಹೊಡೆದ ಅಂತ ಶಾಲೆಯವರು ಟಿಸಿ ತಗೊಂಡು ಹೋಗಿ ಅಂತಿದಾರೆ.

ನಮಗೂ ಹೀಗೆ ಒಂದು ಶಾಲೆ ಟಿಸಿ ಕೊಟ್ಟಿತ್ತು. ಆಗ ಕಾನೂನು ಗೊತ್ತಿಲ್ಲದೆ ತಲೆತಗ್ಗಿಸಿ ಬಂದೆವು. ವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡುವುದನ್ನು 2016ರ ಕಾಯ್ದೆ ನಿಷೇಧಿಸುತ್ತದೆ, ದೂರನ್ನು ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ಕೊಡಬಹುದು. ಇದರ ಜೊತೆಗೆ, ಪೆಟ್ಟು ತಿಂದ ಹುಡುಗನ ತಂದೆತಾಯಿಯನ್ನು ನೀವೇ ಹೋಗಿ ಕಾಣಿ. ಅವರ ಮಗುವಿನ ಸುರಕ್ಷತೆಯ ಬಗ್ಗೆ ಶಾಲೆ ಏನು ಮಾಡಬೇಕೆಂದು ಅವರೊಡನೆ ಸೇರಿ ಕೇಳಿದರೆ, ಸಹಾಯಕ ಶಿಕ್ಷಕಿಯನ್ನು ಕೊಡಿಸುವುದು ಸುಲಭವಾಗುತ್ತದೆ.

ಹದಿನೆಂಟು ತುಂಬಿತು. ಗಾರ್ಡಿಯನ್‌ಶಿಪ್ ತಗೊಂಡು ಎಲ್ಲ ಜವಾಬ್ದಾರಿ ನಾವೇ ಹೊತ್ಕೊಂಡ್ರೆ ಆಯ್ತಲ್ವಾ?

1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕರು ಕಾನೂನುಬದ್ಧ ಪಾಲಕರಾಗಬಹುದು. ಬ್ಯಾಂಕು, ಪಿಂಚಣಿ, ಆಸ್ತಿಯ ಕೆಲಸಗಳಿಗೆ ಹಲವರಿಗೆ ಇದು ಬೇಕಾಗುತ್ತದೆ. 2016ರ ಕಾಯ್ದೆ ಇನ್ನೊಂದು ಬಗೆಯದನ್ನೂ ಹೇಳುತ್ತದೆ: ಸೀಮಿತ ಪಾಲಕತ್ವ. ಅದರಲ್ಲಿ ಪಾಲಕರು ಆ ವ್ಯಕ್ತಿಯೊಡನೆ ಕೂಡಿ, ಪರಸ್ಪರ ನಂಬಿಕೆಯಿಂದ ತೀರ್ಮಾನ ತೆಗೆದುಕೊಳ್ಳಬೇಕು. ನಿಮ್ಮ ಮಗನಿಗೆ ಯಾವುದು ಹೊಂದುತ್ತದೆಂದು ವಕೀಲರನ್ನು ಕೇಳಿ.

ಅರ್ಜಿ ತುಂಬುವ ಮುಂಚೆ ಒಂದು ಸಂಜೆ ಕೂತು, ಅವನು ಈಗಾಗಲೇ ತಾನೇ ತೀರ್ಮಾನಿಸುವ ಸಂಗತಿಗಳನ್ನು ಬರೆದಿಡಿ. ನಾವು ಬರೆದಾಗ ಒಂದು ಪುಟ ತುಂಬಿತ್ತು: ಯಾವ ಅಂಗಿ, ಯಾವ ಹೊತ್ತಿಗೆ ಸ್ನಾನ, ಯಾರ ಪಕ್ಕ ಕೂರುವುದು, ಯಾವಾಗ ಮದುವೆ ಮನೆಯಿಂದ ಹೊರಡುವುದು. ಆ ಕೆಂಪು ಕಾರ್ಡಿನ ಮೂಲೆಗಳು ಸವೆದು ಹೋಗಿವೆ, ಮೇಲೆ ಅಂಟಿಸಿದ ಸೆಲೋಟೇಪು ಹಳದಿಯಾಗಿದೆ. ಹೊಸದು ಮಾಡಿಕೊಟ್ಟರೆ ಒಪ್ಪುವುದಿಲ್ಲ. ಹೊರಗೆ ಹೋಗುವಾಗ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆಯೇ ಎಂದು ನಾನು ಈಗ ನೋಡುವುದಿಲ್ಲ, ಅವನೇ ನೋಡಿಕೊಳ್ಳುತ್ತಾನೆ.